ನಿಂಗಮ್ಮನ ಪಟ

ದೆವ್ವ, ಗಾಳಿ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಅವರು ಎದ್ದುಹೋಗುವ ತನಕ ಗೇಲಿ ಮಾಡುತ್ತಿದ್ದವನು ನಾನು. ಈಗ ಆ ಧೈರ್ಯವಿಲ್ಲ. ಹಾಗಂತ ನಂಬುತ್ತೇನೆಂದೂ ಅಲ್ಲ. ನಡೆದದ್ದನ್ನು ಹೇಳುತ್ತೇನೆ, ನೀವೇ ಏನಾದರೂ ಅಂದುಕೊಳ್ಳಿ.

ಆಗ ನಾನು ಕವಲಂದೆಯ ಹೈಸ್ಕೂಲಿನಲ್ಲಿ ಮೇಷ್ಟ್ರು. ನಂಜನಗೂಡಿನಿಂದ ದಿನವೂ ಬಸ್ಸು. ನನಗಿದ್ದ ಒಂದೇ ಹುಚ್ಚು ಹಳೆಯ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ. ಎರಡು ಲೆನ್ಸಿನ ಪೆಟ್ಟಿಗೆ ಅದು. ಅಗಲವಾದ ರೀಲು ಹಾಕಿ, ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ಮೇಲಿನ ಗಾಜಿನಲ್ಲಿ ನೋಡಬೇಕು. ಅದರಲ್ಲಿ ಮೂಡುವ ಮುಖದ ಚೆಂದವನ್ನು ನೋಡಿಯೇ ತಿಳಿಯಬೇಕು. ಫೋನು ಎತ್ತಿದರೆ ಹಲ್ಲು ಕಿರಿಯುವ ಜನ ಇದರ ಮುಂದೆ ಸೆರಗು ಸರಿಮಾಡಿಕೊಂಡು ನಿಲ್ಲುತ್ತಾರೆ.

ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ನಿಂಗಮ್ಮ ಒಂದು ದಿನ ಬಂದರು. ಗಂಡ ಸಿದ್ದಯ್ಯನವರಿಗೆ ಹೃದಯದ ತೊಂದರೆ.

"ನಾಳಿಕೆ ಮೈಸೂರ್ಗೆ ಓಯ್ತೀವಿ ಸಾ, ಆಪ್ರೇಸನ್ನು. ಮದ್ವೇಲೂ ಒಂದ್ ಪಟ ತೆಗುಸ್ನಿಲ್ಲ ನಾವು. ಇಬ್ರುನೂ ಒಟ್ಗೆ ತಗ್ದುಕೊಡಿ."

ಆಮೇಲೆ ಒಟ್ಟಿಗೆ ನಿಲ್ಲುವ ಭಾಗ್ಯ ಉಂಟೋ ಇಲ್ಲವೋ ಎಂಬ ಹೆದರಿಕೆ ಅವರಿಗೆ. ಸಂಜೆ ಬಿಸಿಲಿರುವಾಗಲೇ ಅವರ ಮನೆಗೆ ಹೋದೆ. ಸಿದ್ದಯ್ಯ ಕುರ್ಚಿಯಲ್ಲಿ ಕೂತರು, ನಿಂಗಮ್ಮ ಪಕ್ಕದಲ್ಲಿ ನಿಂತು ಗಂಡನ ಹೆಗಲ ಮೇಲೆ ಕೈಯಿಟ್ಟರು. ನಾನು ಫೋಕಸ್ ಮಾಡಿದ್ದೇ ಅವರ ಮೂಗುಬೊಟ್ಟಿನ ಮೇಲೆ. ಒಂದು ರೀಲು ಪೂರ್ತಿ ಖರ್ಚು ಮಾಡಿದೆ.

ಭಾನುವಾರ ಬಚ್ಚಲುಮನೆಯಲ್ಲಿ ರೀಲು ತೊಳೆದು ಬೆಳಕಿಗೆ ಹಿಡಿದೆ. ಒಂದೊಂದರಲ್ಲೂ ಸಿದ್ದಯ್ಯ ಒಬ್ಬರೇ. ಪಕ್ಕದಲ್ಲಿ ಸುಣ್ಣದ ಗೋಡೆ. ರೀಲು ಕೆಟ್ಟಿದೆ ಎನ್ನೋಣವೆಂದರೆ ಗೋಡೆಯ ಬಿರುಕೂ ಸ್ಪಷ್ಟವಾಗಿದೆ. ಸಿದ್ದಯ್ಯನವರ ಅಂಗಿ ಮಾತ್ರ ಹೆಗಲ ಹತ್ತಿರ ಒತ್ತಿಹೋಗಿ ನೆರಿಗೆಯಾಗಿತ್ತು, ಯಾರೋ ಕೈಯಿಟ್ಟ ಹಾಗೆ. ಬಲ್ಲವರಿಗೆಲ್ಲ ತೋರಿಸಿದೆ. ಒಬ್ಬರೂ ಸರಿಯಾದ ಕಾರಣ ಹೇಳಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಸಿದ್ದಯ್ಯ ಮನೆಗೆ ಬಂದರು. ನಿಂಗಮ್ಮ ಕೇಳಿ ಕೇಳಿ ಸಾಕಾದ ಮೇಲೆ ಬೇರೆ ದಾರಿಯಿಲ್ಲದೆ ಪ್ರಿಂಟು ಕೊಟ್ಟೆ. ಅವರು ಸೆರಗಿನಿಂದ ಅದನ್ನು ಒರೆಸಿದರು. ಮತ್ತೆ ಒರೆಸಿದರು.

"ನಾನು ಅಲ್ಲೇ ನಿಂತಿದ್ನಲ್ವಾ ಸಾ?"

"ನಿಂತಿದ್ರಿ ಕಣಮ್ಮ, ನಾನೇ ಕಣ್ಣಾರೆ ನೋಡಿದೀನಿ."

ನಿಂಗಮ್ಮ ತಮ್ಮ ಕೈಯನ್ನೊಮ್ಮೆ ತಿರುಗಿಸಿ ನೋಡಿಕೊಂಡರು.

"ನೀವು ನೋಡುದ್ರಿ ಸಾ. ನಿಮ್ ಪೆಟ್ಗೆ ನೋಡ್ನಿಲ್ವಲ್ಲ" ಎಂದರು.