ಲಾಲ್‌ಸಾಬರ ಬಾಯಿಗೆ ಹತ್ತಿದ ಸೌತೆಕಾಯಿ

ಲಾಲ್‌ಸಾಬರ ಬಿರಿಯಾನಿ ಹೇಗಿರುತ್ತದೆ ಎಂದು ಚನ್ನಗಿರಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ನನ್ನೊಬ್ಬನನ್ನು ಬಿಟ್ಟು. ನಾನು ಬಸವರಾಜಪ್ಪ, ಶಾಮಿಯಾನ ಅಂಗಡಿಯವನು. ಮದುವೆ ಮನೆಗೆ ಪೆಂಡಾಲು, ಕುರ್ಚಿ, ಹಂಡೆ, ಸೌಟು ಬಾಡಿಗೆಗೆ ಕೊಡುತ್ತೇನೆ. ಕೊರಳಲ್ಲಿ ಲಿಂಗ ಇರುವುದರಿಂದ ಸಾಬರ ಹಂಡೆಯಲ್ಲಿ ಬೇಯುವುದನ್ನು ತಿನ್ನುವುದಿಲ್ಲ. ಆ ಹಂಡೆಗಳನ್ನು ಇಡುವ ಕೋಣೆಯೇ ಬೇರೆ. ಹಾಗೆ ಇಡದಿದ್ದರೆ ನನ್ನ ಹೆಂಡತಿ ನೇತ್ರಾವತಿ ನನ್ನನ್ನೂ ಅದೇ ಕೋಣೆಯಲ್ಲಿ ಇಡುತ್ತಾಳೆ. ಆದರೆ ಮೂಗಿಗೆ ಯಾವ ಜಾತಿ? ಸಾಬರು ಎಲ್ಲೆಲ್ಲಿ ಒಲೆ ಹೂಡಿದರೋ ಅಲ್ಲೆಲ್ಲ ನಾನು ಗೂಟ ಹೊಡೆದಿದ್ದೇನೆ. ಅವರ ಅಡುಗೆಯನ್ನು ಊರು ತಿಂದು ಬಲ್ಲದು, ನಾನು ಮೂಸಿ ಬಲ್ಲೆ.

ಸಾಬರು ಕೆರೆಬಿಳಚಿಯವರು. ಮದುವೆಯಾದ ಮೇಲೆ ಚನ್ನಗಿರಿಗೆ ಬಂದು ನಮ್ಮ ಅಂಗಡಿಯ ಹಿಂದಿನ ಓಣಿಯಲ್ಲಿ ಸಂಸಾರ ಹೂಡಿದರು. ಆಳು ಗಿಡ್ಡ, ಗಂಟಲು ದೊಡ್ಡದು. ಒಲೆಯ ಹತ್ತಿರ ಯಾರಾದರೂ ಬುದ್ಧಿ ಹೇಳಲು ಬಂದರೆ, ಮದುವೆ ಗಂಡಿನ ಅಪ್ಪನೇ ಆಗಿರಲಿ, ಸೌಟನ್ನು ಅವನ ಕೈಗೆ ಕೊಟ್ಟು "ನೀವೇ ಮಾಡ್ರಿ, ನಾನು ಊಟಕ್ಕೆ ಕುಂದ್ರತೀನಿ" ಎನ್ನುವರು. ಮಾಡುವಾಗ ರುಚಿ ನೋಡುವ ಅಭ್ಯಾಸವೇ ಅವರಿಗಿರಲಿಲ್ಲ. ರಂಜಾನಿನಲ್ಲಿ ಬಾಯಿಗೆ ಹನಿ ನೀರು ಬಿಡದೆ ಮಸೀದಿಗೆ ಗಂಜಿ ಕಾಯಿಸಿ ಬಂದ ರೂಢಿ ಅದು. ಉಪವಾಸದಲ್ಲಿ ನಾಲಿಗೆಗೆ ಕೆಲಸವಿಲ್ಲ, ಎಲ್ಲ ಮೂಗಿನದೇ. ವರ್ಷವಿಡೀ ಹಾಗೇ ನಡೆಸಿಕೊಂಡು ಬಂದರು. ಉಪ್ಪು ಕೂಡ ಮೂಸಿಯೇ ಗೊತ್ತು ಮಾಡುತ್ತೇನೆ ಎನ್ನುತ್ತಿದ್ದರು. ಉಪ್ಪಿಗೆ ಎಲ್ಲಿಯ ವಾಸನೆ ಸಾಬರೇ ಎಂದರೆ, "ನಿಮಗೆ ಬರಾಕಿಲ್ಲ ಬಿಡ್ರಿ" ಎಂದು ನನ್ನ ಮೂಗನ್ನೇ ಹೀಯಾಳಿಸುವರು.

ಬಿರಿಯಾನಿ ದಮ್‌ಗೆ ಹಾಕಿದಾಗ ಅವರನ್ನು ನೋಡಬೇಕು. ಮುಚ್ಚಳದ ಸುತ್ತ ಹಿಟ್ಟು ಮೆತ್ತಿ, ಕೆಳಗೂ ಮೇಲೂ ಕೆಂಡ ಹಾಕಿ, ಕೈ ಕಟ್ಟಿಕೊಂಡು ನಿಲ್ಲುವರು. ಮಾತಿಲ್ಲ, ಬೀಡಿ ಇಲ್ಲ. ಹಿಟ್ಟಿನ ಸಂದಿಯಿಂದ ಒಂದು ಗಳಿಗೆಯಲ್ಲಿ ಏನೋ ಹೊರಡುತ್ತದೆ, ಅವರು "ಬಂತು" ಎನ್ನುತ್ತಾರೆ, ಅಣ್ಣನ ಮಗ ಜಮೀರ್ ಕೆಂಡ ಎಳೆದು ಹಾಕುತ್ತಾನೆ. ನಮ್ಮಂಥವರಿಗೆ ಆ ವಾಸನೆ ಮುಚ್ಚಳ ತೆಗೆದ ಮೇಲೆ ಸಿಗುತ್ತಿತ್ತು, ಅವರಿಗೆ ಮೊದಲೇ.

ಹೋದ ವರ್ಷ ಒಂದು ಜ್ವರ ಬಂತು. ಊರಿಗೆಲ್ಲ ಬಂದಿತ್ತು, ಎಲ್ಲರಿಗೂ ಬಿಟ್ಟಿತು, ಸಾಬರಿಗೂ ಬಿಟ್ಟಿತು. ಹೋಗುವಾಗ ಮೂಗನ್ನು ಕೊಂಡೊಯ್ದಿತು. ಮೊದಲು ಅವರು ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲು ಉಕ್ಕಿ, ಸೀದು, ಪಾತ್ರೆ ಕಪ್ಪಾಗಿ ಹೊಗೆ ಎದ್ದಿತು. ಹೆಂಡತಿ ಮೆಹರಾಜ್ ಬೇಗಂ ಹಿತ್ತಲಿಂದ ಓಡಿ ಬಂದು ನೋಡಿದರೆ, ಗಂಡ ಒಲೆಗೆ ಬೆನ್ನು ಹಾಕಿ ಅದರ ಪಕ್ಕದಲ್ಲೇ ಕೂತು ಕಾಲುಗುರು ತೆಗೆಯುತ್ತಿದ್ದಾರೆ. ಆ ಹೊತ್ತಿಗೆ ಆಕೆಗೆ ಎಲ್ಲ ತಿಳಿಯಿತು.

ದಾವಣಗೆರೆಯ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಲವಂಗ, ನಿಂಬೆಸಿಪ್ಪೆ ದಿನಾ ಮೂಸಿ, ಬಂದರೆ ಬರಬಹುದು, ಬರದೆಯೂ ಇರಬಹುದು ಎಂದರು. ಖಾರ ಬೇರೆ, ವಾಸನೆ ಬೇರೆ, ಖಾರ ಹತ್ತಿತು ಎಂದು ಮೂಗು ಬಂತು ಅಂದುಕೊಳ್ಳಬೇಡಿ ಎಂದೂ ಹೇಳಿದರು. ಸಾಬರು ಆವತ್ತೇ ಲವಂಗದ ಡಬ್ಬಿ ಹಿಡಿದು ಕೂತರು. ಮೂಸಿ ಮೂಸಿ ಮೂಗಿನ ಹೊಳ್ಳೆಗಳು ಕೆಂಪಾದವು. ಊಟ ಒದ್ದೆ ಹತ್ತಿಯಂತಾಯಿತು ಎಂದು ತಟ್ಟೆ ಸರಿಸುತ್ತಿದ್ದರು. ಮೈಮೇಲಿನ ಜುಬ್ಬಾ ಗೂಟಕ್ಕೆ ತೂಗುಹಾಕಿದಂತೆ ಆಯಿತು. ಮದುವೆ ಕೆಲಸಕ್ಕೆ ಕರೆಯಲು ಬಂದವರಿಗೆ ಮಂಡಿನೋವು ಎಂದು ಹೇಳಿ ಕಳಿಸುತ್ತಿದ್ದರು. ಹತ್ತಿರದಿಂದ ನೋಡುತ್ತಿದ್ದ ನಮಗೆ ಏನೂ ಮಾಡಲಾಗುತ್ತಿರಲಿಲ್ಲ. ಕೈ ಮುರಿದಿದ್ದರೆ ಪಟ್ಟು ಹಾಕಿಸಬಹುದು, ಮೂಗಿನೊಳಗೆ ಆರಿದ್ದನ್ನು ಯಾರು ಹಚ್ಚಬೇಕು?

ಆಗ ಬಂದದ್ದು ಸೌತೆಕಾಯಿ. ಸಾಬರ ಮಗಳ ಮಗಳು ರುಹೀನಾ ಅವರ ಮನೆಯಲ್ಲೇ ಇದ್ದು ಕಾಲೇಜಿಗೆ ಹೋಗುತ್ತಾಳೆ. ಒಂದು ಸಂಜೆ ಎಳ್ಳೆಣ್ಣೆ ಕೇಳಿಕೊಂಡು ನಮ್ಮ ಮನೆಗೆ ಬಂದಳು. ಅಂಗಡಿಯಲ್ಲಿ ಕೇಳಿದರೆ ದೀಪದ ಎಣ್ಣೆ ಕೊಟ್ಟರಂತೆ. ನೇತ್ರಾವತಿ ಗಾಣದಿಂದ ತರಿಸಿದ ಎಣ್ಣೆಯನ್ನು ಸಣ್ಣ ಬಾಟಲಿಗೆ ಹಾಕಿ ಕೊಟ್ಟಳು. ಎಳ್ಳೆಣ್ಣೆಗೂ ಸಾಬರ ಮನೆಗೂ ಏನು ಸಂಬಂಧ ಎಂಬ ಕುತೂಹಲಕ್ಕೆ ನಾನೂ ಹಿಂದೆಯೇ ಹೋದೆ. ಅವರ ಮನೆಯಲ್ಲಿ ಮಾತು ಉರ್ದು, ನಾನು ಹೊಸಿಲು ದಾಟಿದರೆ ಕನ್ನಡ.

ಹುಡುಗಿ ಅಡುಗೆ ವಿಡಿಯೊ ಹಚ್ಚಿದ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಎಳೆ ಸೌತೆಕಾಯಿಗಳನ್ನು ತೊಳೆದಳು. ಮೆಹರಾಜಕ್ಕ ತೊಟ್ಟಿನ ತುದಿ ಕೊಯ್ದು, ಅದೇ ತುಂಡಿನಿಂದ ಗಸಗಸ ತಿಕ್ಕಿ ಕಹಿಯ ನೊರೆ ತೆಗೆದುಕೊಟ್ಟರು. ಫೋನಿನವರು ಅದನ್ನು ಹೇಳಿರಲಿಲ್ಲ. ಆಮೇಲೆ ಹುಡುಗಿ ಲಟ್ಟಣಿಗೆ ತೆಗೆದುಕೊಂಡು ಸೌತೆಕಾಯಿಗೆ ಬಡಿಯತೊಡಗಿದಳು.

"ಈಳಿಗೆ ಇರುವಾಗ ಲಟ್ಟಣಿಗೇಲಿ ಹೊಡಿಯಾದು ಯಾವ ದೇಶದ ಪದ್ಧತಿನೇ?" ಎಂದರು ಮೆಹರಾಜಕ್ಕ.

"ಕೊರಿಯಾ, ಚೀನಾ ಕಡೆ ಹಿಂಗೇ ಅಂತೆ ನಾನಿ. ಜಜ್ಜಿದ್ರೆ ಮಸಾಲಿ ಒಳಗೆ ಹೋಗತೈತೆ."

ಒಡೆದು ಬಾಯಿಬಿಟ್ಟ ಸೌತೆಕಾಯಿಯನ್ನು ಕೈಯಿಂದಲೇ ತುಂಡು ಮಾಡಿ ಉಪ್ಪು ಹಾಕಿ ಬಿಟ್ಟಳು. ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ನೀರು ಬಿಟ್ಟುಕೊಂಡಿತ್ತು. ಅದನ್ನು ಹಿಂಡಿ ಚೆಲ್ಲಿದಳು. ಚೆಲ್ಲುವಾಗ ಅಜ್ಜಿಯ ಮುಖ ಹುಳ್ಳಗಾಯಿತು. ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ತರಿ, ಚಿಟಿಕೆ ಸಕ್ಕರೆ, ಗೋಬಿ ಗಾಡಿಯವರು ಹಾಕುವ ಕಪ್ಪು ಸಾಸು, ವಿನೆಗರ್, ಮೇಲೆ ನಮ್ಮ ಎಳ್ಳೆಣ್ಣೆ, ಹುರಿದ ಎಳ್ಳು. ಕಲಸಿದಳು, ಆಯಿತು. ಒಲೆ ಹಚ್ಚುವ ಗೋಜೇ ಇಲ್ಲ. ಇದಕ್ಕೆ ಅಡುಗೆ ಅಂತಾರಾ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಸಾಬರು ಮೊದಲು ಬೇಡ ಎಂದರು. ಮೊಮ್ಮಗಳು ಬಿಡಲಿಲ್ಲ. ಒಂದು ತುಂಡು ಬಾಯಿಗೆ ಹಾಕಿಕೊಂಡರು. ಕರಕರ ಸದ್ದು ನನಗೂ ಕೇಳಿಸಿತು. ಅಗಿಯುತ್ತ ಅಗಿಯುತ್ತ ನಿಂತರು. ಕಿವಿ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು.

"ಏನೋ ಐತೆ" ಎಂದರು.

"ಏನೈತೆ ನಾನಾ?" ಎಂದಳು ಮೊಮ್ಮಗಳು.

"ಗೊತ್ತಿಲ್ಲ. ಇಷ್ಟು ದಿನ ಬಾಯಿ ಬಾಡಿಗಿಗೆ ಹೋಗದ ಮನೆ ಇದ್ದಂಗೆ ಇತ್ತು. ಯಾರೋ ಒಳಗೆ ಬಂದಂಗಾತು."

ಮೆಹರಾಜಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಸಾಬರು ತಟ್ಟೆ ಪೂರ್ತಿ ಖಾಲಿ ಮಾಡಿ, ಅದರ ಜೊತೆಗೆ ಅನ್ನವನ್ನೂ ಉಂಡರು. ಇನ್ನೊಂದು ತಟ್ಟೆ ನನ್ನ ಮುಂದೆ ಬಂತು. "ತಗೊಳ್ರಿ ಬಸಣ್ಣ, ಇದ್ರಾಗೆ ಜೀವ ಇದ್ದಿದ್ದು ಏನೂ ಇಲ್ಲ" ಎಂದರು ಸಾಬರು. ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ನಾನು ಚಹಾ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ತಿಂದೆ. ಖಾರ ನೆತ್ತಿಗೇರಿತು, ಹುಳಿ ಹಲ್ಲಿಗೆ ಹತ್ತಿತು, ಕೊನೆಗೆ ಎಳ್ಳೆಣ್ಣೆಯ ಘಮ ಬಂತು. ನನಗೆ ನಿಜಕ್ಕೂ ಸಂತೋಷವಾಗಿತ್ತು. ಡಾಕ್ಟರು ಖಾರದ ಬಗ್ಗೆ ಹೇಳಿದ್ದ ಮಾತು ಆ ಹೊತ್ತು ನನ್ನ ನೆನಪಿಗೆ ಬರಲಿಲ್ಲ.

ಅಲ್ಲಿಂದ ದಿನಾ ಸೌತೆಕಾಯಿ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎಂಬಂತೆ ಇಡೀ ಮನೆ ಅದನ್ನು ಹಿಡಿದುಕೊಂಡಿತು. ಸಾಬರ ಕೆನ್ನೆ ತುಂಬಿತು, ಗಂಟಲು ಓಣಿಯ ತುದಿಗೆ ಕೇಳತೊಡಗಿತು. ಒಂದು ದಿನ ಅಂಗಡಿಗೆ ಬಂದು, "ನ್ಯಾಮತಿದು ಒಂದು ಮದುವಿ ಒಪ್ಪಿಕೊಂಡೀನಿ, ದೊಡ್ಡ ಹಂಡೆ ಮೂರು ತೆಗೆದಿಡ್ರಿ" ಎಂದರು. ಮೂಗು ಹೇಗಿದೆ ಎಂದೆ. "ತಿರುಗಿ ಬರ್ತಾ ಐತೆ ಕಣ್ರೀ" ಎಂದು ಮೂಗನ್ನು ಬೆರಳಿನಿಂದ ತಟ್ಟಿ ತೋರಿಸಿದರು. ನಾನು ಹಂಡೆ ತೆಗೆದಿಟ್ಟೆ.

ಮದುವೆಗೆ ಎರಡು ದಿನ ಇರುವಾಗ ಅವರ ಮನೆಗೆ ಹೋಗಿದ್ದೆ. ತಟ್ಟೆ ಬಂತು. ಸಾಬರು ಅಗಿಯುತ್ತ ಕಣ್ಣು ಮುಚ್ಚಿ, "ಇವತ್ತು ಎಳ್ಳೆಣ್ಣಿ ಘಮ ಪೂರಾ ಬಂತು ನೋಡ್ರಿ. ನಿಮ್ಮ ನೇತ್ರಕ್ಕನ ಎಣ್ಣಿ ಅಂದ್ರೆ ಎಣ್ಣಿ" ಎಂದರು. ನಾನೂ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಎಳ್ಳೆಣ್ಣೆ ಇರಲಿಲ್ಲ. ಬೆಳ್ಳುಳ್ಳಿಯೂ ಇರಲಿಲ್ಲ. ಬರೀ ಉಪ್ಪು, ಹುಳಿ, ಖಾರ. ಕೈ ತೊಳೆಯಲು ಹಿತ್ತಲಿಗೆ ಹೋದಾಗ ಮೆಹರಾಜಕ್ಕ ಖಾಲಿ ಬಾಟಲಿ ಹಿಡಿದು ನಿಂತಿದ್ದರು.

"ಎಣ್ಣಿ ತೀರಿ ಮೂರು ದಿನ ಆತು ಬಸಣ್ಣ. ಕೇಳಿ ತರಾಣ ಅಂತಿದ್ದೆ, ಅಷ್ಟರಾಗೆ ಅವರು ಘಮ ಬಂತು ಅಂದ್ರು. ಮಾರನೇ ದಿನ ಬೆಳ್ಳುಳ್ಳಿನೂ ಬಿಟ್ಟು ನೋಡಿದೆ. ಬೆಳ್ಳುಳ್ಳಿ ಚೆನ್ನಾಗೈತೆ ಅಂದ್ರು."

ಅವರಿಗೆ ಬರುತ್ತಿದ್ದದ್ದು ವಾಸನೆಯಲ್ಲ, ವಾಸನೆಯ ನೆನಪು. ಹೇಳೋಣವೇ ಎಂದೆ.

"ಹೇಳಿದ್ರೆ ಊಟ ಬಿಡತಾರೆ. ಈಗ ಉಣ್ತಾ ಅದಾರಲ್ಲ" ಎಂದು ಅತ್ತರು.

ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗಲೂ ಆಗದು, ಉಗುಳಲೂ ಆಗದು. ನಾನು ಜಮೀರನನ್ನು ಕರೆದು, ನೀನೇ ಒಲೆ ನೋಡಿಕೊಳ್ಳಪ್ಪ ಎಂದು ಹೇಳಿದೆ. ಅಷ್ಟೇ ನನ್ನ ಕೈಲಾದದ್ದು.

ನ್ಯಾಮತಿಯಲ್ಲಿ ಬೆಳಿಗ್ಗೆಯಿಂದ ಸಾಬರಿಗೆ ಹಬ್ಬ. ಎಲ್ಲರನ್ನೂ ಬೈದರು, ನನ್ನ ಪೆಂಡಾಲಿನ ಹಗ್ಗವನ್ನೂ ಬೈದರು. ಮೂರೂ ಹಂಡೆಗಳನ್ನು ದಮ್‌ಗೆ ಹಾಕಿ ಕೈ ಕಟ್ಟಿ ನಿಂತರು. ಮೊದಲನೆಯ ಹಂಡೆಯ ಘಮ ಬಂದಾಗ ಜಮೀರ್ ಕೆಂಡ ಎಳೆಯಲು ಹೋದ.

"ಯಾರೋ ಹೇಳಿದ್ದು ಕೆಂಡ ತೆಗಿಯಾಕೆ? ವಾಸನಿ ಇನ್ನೂ ಬಂದಿಲ್ಲ" ಎಂದರು ಸಾಬರು.

ಜಮೀರ್ ನನ್ನ ಮುಖ ನೋಡಿದ. ನಾನು ಹಗ್ಗ ನೋಡಿದೆ. ಉಳಿದೆರಡು ಹಂಡೆಗಳ ಕೆಂಡವನ್ನು ಅವನು ಅವರ ಬೆನ್ನ ಹಿಂದೆ ಹೇಗೋ ಸರಿಸಿದ. ಮೊದಲನೆಯದರ ಎದುರಿಗೆ ಅವರೇ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಅದರಿಂದ ಸೀದ ವಾಸನೆ ತೆಳ್ಳಗೆ ಶುರುವಾಯಿತು, ಆಮೇಲೆ ದಪ್ಪಗಾಯಿತು. ಈರುಳ್ಳಿ ಹೆಚ್ಚುತ್ತಿದ್ದವರು ಕತ್ತಿ ನಿಲ್ಲಿಸಿದರು. ತಟ್ಟೆ ಒರೆಸುತ್ತಿದ್ದವರು ತಲೆ ಎತ್ತಿದರು. ಎಲ್ಲರೂ ಮತ್ತೆ ತಲೆ ತಗ್ಗಿಸಿ ಕೆಲಸಕ್ಕೆ ತೊಡಗಿದರು. ಆ ಮನುಷ್ಯ ಅಷ್ಟು ನೆಮ್ಮದಿಯಿಂದ ನಿಂತಿದ್ದರು, ಯಾರು ಬಾಯಿ ಬಿಟ್ಟಾರು?

ಕೊನೆಗೆ ಅವರು "ಬಂತು" ಎಂದರು. ಹಿಟ್ಟು ಬಿಡಿಸಿ ಮುಚ್ಚಳ ತೆಗೆದು, ಹಬೆಗೆ ಮುಖ ಕೊಟ್ಟು ನಕ್ಕರು.

ಅಷ್ಟರಲ್ಲಿ ಹೆಣ್ಣಿನ ಕಡೆಯ ಹಿರಿಯರೊಬ್ಬರು ಆ ದಾರಿಯಲ್ಲಿ ಹಾದು ಹೋಗುತ್ತಿದ್ದವರು ನಿಂತು, "ಏನೋ ಸೀದಂಗೈತಲ್ರೀ ಬಾವಾ" ಎಂದರು. ಅವರಿಗೆ ಯಾವ ಮುಲಾಜೂ ಇರಲಿಲ್ಲ.

ಸಾಬರು ಜಗಳಕ್ಕೆ ಸಿದ್ಧರಾಗಿ ಸೌಟು ಎತ್ತಿ, ನಮ್ಮ ಕಡೆ ತಿರುಗಿದರು. ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು ನನ್ನ ಮೇಲೆ ಕಣ್ಣು ನಿಲ್ಲಿಸಿದರು.

"ಬಸಣ್ಣ?"

"ಹೌದು ಸಾಬ್ರೆ."

"ಯಾವಾಗಿಂದ?"

"ಜಮೀರ ಕೆಂಡಕ್ಕೆ ಕೈ ಹಾಕಿದ ಸ್ವಲ್ಪ ಹೊತ್ತಿಗೆ."

"ಎಲ್ಲಾರ್ಗೂ ಬಂದಿತ್ತಾ?"

ಈರುಳ್ಳಿ ಹೆಚ್ಚುವವರು ತಲೆ ಎತ್ತಲಿಲ್ಲ.

"ಮನೇಲಿ ಅವಳಿಗೂ ಗೊತ್ತೈತಾ?"

"ಐತೆ. ಮೊನ್ನೆ ಘಮ ಬಂತು ಅಂದ್ರಲ್ಲ, ಆವತ್ತು ಎಳ್ಳೆಣ್ಣೆ ಇರಲಿಲ್ಲ ಸಾಬ್ರೆ."

ಸಾಬರು ಸೌಟನ್ನು ಹಂಡೆಯ ತಳದವರೆಗೆ ಇಳಿಸಿ ಮೇಲೆತ್ತಿದರು. ಕರ್ರಗಿನ ಅನ್ನ ಬಂತು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾವು ಹಗುರಾಗುತ್ತಿದ್ದೆವು.

"ನನ್ನ ಮರ್ಯಾದಿ ಉಳಸಾಕೆ ಹೋಗಿ ಹಂಡೆ ಸುಟ್ಟು ಹಾಕಿದ್ರಲ್ಲೋ" ಎಂದರು.

ಆಮೇಲೆ ತಾವೇ ಹೆಣ್ಣಿನ ಅಪ್ಪನ ಹತ್ತಿರ ಹೋಗಿ, ಒಂದು ಹಂಡೆ ಕೆಟ್ಟಿದೆ, ತಪ್ಪು ನನ್ನದು ಎಂದು ಹೇಳಿ ಬಂದರು. ಹೊಸದಾಗಿ ಅನ್ನಕ್ಕೆ ಎಸರು ಇಡಿಸಿದರು. ಅಷ್ಟು ಮಾಡಿ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಒಲೆಗಳಿಂದ ದೂರ, ಗಾಳಿ ಬೀಸುವ ಕಡೆ ಕೂತರು. ಎರಡನೆಯ ಹಂಡೆ ತೆಗೆಯುವ ಹೊತ್ತಾಗಿತ್ತು. ಜಮೀರ್ ಬಂದು ಅವರ ಮುಂದೆ ನಿಂತ.

"ಮುಚ್ಚಳ ನೀನೇ ತೆಗಿ. ಇನ್ಮೇಲೆ ನೀನೇ" ಎಂದರು. "ತೆಗೆದು, ಹೆಂಗೈತೆ ಅಂತ ನನಗೆ ಹೇಳಾಕೆ ಬರಬ್ಯಾಡ."

ಜಮೀರ್ ತೆಗೆದ. ಅದರ ದಮ್ ಸರಿಯಾಗಿ ಕೂತಿತ್ತು. ಇಷ್ಟು ವರ್ಷ ಅವರ ಪಕ್ಕದಲ್ಲಿ ನಿಂತು ಮೂಸಿದವನು ನಾನು, ಅಷ್ಟು ಒಳ್ಳೆಯ ಘಮ ಯಾವತ್ತೂ ಬಂದಿರಲಿಲ್ಲ. ಪೆಂಡಾಲಿನಲ್ಲಿದ್ದ ಜನ ಒಬ್ಬೊಬ್ಬರಾಗಿ ಒಲೆಯ ಕಡೆ ತಿರುಗಿದರು. ಆ ಗಾಳಿ ನೇರವಾಗಿ ಸಾಬರ ಕುರ್ಚಿಯ ಮೇಲೆಯೇ ಹಾದು ಹೋಗುತ್ತಿತ್ತು. ಅವರು ನೆಲ ನೋಡುತ್ತ ಕೂತಿದ್ದರು. ನಾನು, ಜಮೀರ್ ಇಬ್ಬರೂ ಹತ್ತಿರವೇ ಇದ್ದೆವು, ಅವರಿಗೆ ಹೇಳಲಿಲ್ಲ.