ರಾಜಮತಿ ಎಳೆದ ಗೆರೆ

ನಾಂದಣಿಯ ರಾಜಮತಿಗೆ ಮಡಿ ಎಂಬ ಮಾತು ಕೇಳಿದರೇ ಮೈ ಉರಿಯುತ್ತಿತ್ತು. ಜೈನ ಮುನಿಗಳ ಆಹಾರಕ್ಕೆಂದು ಅವಳ ತಾಯಿ ಚಂಪಾಬಾಯಿ ಹಾಕುತ್ತಿದ್ದ ಚೌಕಾ, ಅಂದರೆ ಮಡಿ ಅಡುಗೆಮನೆ, ಊರಿಗೇ ಹೆಸರಾಗಿತ್ತು. ಅನ್ನದಲ್ಲಿ ಒಂದು ಕೂದಲು ಕಂಡರೂ ಮುನಿಗಳು ಆಹಾರ ಬಿಟ್ಟು ಹೊರಟುಬಿಡುತ್ತಾರೆ. ಹಾಗಾಗಿ ಅಲ್ಲಿ ಯಾರೂ ಏನನ್ನೂ ಮುಟ್ಟುವಂತಿರಲಿಲ್ಲ. ತಿಂಗಳಲ್ಲಿ ಮೂರು ದಿನವಂತೂ ರಾಜಮತಿಗೆ ಹಿತ್ತಲ ಚಾಪೆಯೇ ಗತಿ. "ನಾ ಏನ್ ಕೆಡಸ್ತೇನವ್ವಾ?" ಎಂದು ಕೇಳಿದರೆ ಚಂಪಾಬಾಯಿ ಚಾಪೆಯತ್ತ ಕೈ ತೋರುತ್ತಿದ್ದಳು. ಇದು ಯಾವ ಸೀಮೆಯ ನ್ಯಾಯ!

೧೯೮೪ರಲ್ಲಿ ಅವಳು ಕೊಲ್ಹಾಪುರದ ಪ್ರಯೋಗಾಲಯವೊಂದರಲ್ಲಿ ಸಂಶೋಧನೆಗೆ ಸೇರಿದ್ದಳು. ಜೀವಕೋಶದಲ್ಲಿ ಡಿಎನ್ಎ ನೋಡಿ ಆರ್‌ಎನ್ಎ ತಯಾರಾಗುತ್ತದೆ. ಆರ್‌ಎನ್ಎ ನೋಡಿ ಡಿಎನ್ಎ ಹೆಣೆಯುವ ಉಲ್ಟಾ ಕಿಣ್ವವೂ ಒಂದಿದೆ, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಎಳೆ ಶೇಂಗಾಕಾಳಿನ ಆರ್‌ಎನ್ಎಗೆ ಅದನ್ನು ಹಾಕುವುದು ಅವಳ ಕೆಲಸ. ಪರದೇಶದಿಂದ ಮಂಜುಗಡ್ಡೆಯಲ್ಲಿ ಬಂದ ಆ ಕಿಣ್ವ ನಾಲ್ಕು ಸಲ ದಂಡವಾಯಿತು. ಪ್ರತಿಸಲವೂ ಆರ್‌ಎನ್ಎ ಚೂರುಚೂರು. ಉಳಿದದ್ದು ಒಂದೇ ಸಲಕ್ಕೆ ಸಾಲುವಷ್ಟು.

"ಈ ಸಲಾನೂ ಕೆಟ್ರ ನಾಂದಣಿ ಬಸ್ ಹತ್ತು. ರೊಟ್ಟಿ ಬಡಿಯೋ ಕೈಗೆ ಇದು ಒಗ್ಗೂದಿಲ್ಲ," ಎಂದರು ಅವಳ ಗೈಡ್ ಅಭಯಕುಮಾರ ಸರ್.

ಕೈಯ ಮಾತೇ ಅವಳ ತಲೆ ಕೊರೆಯಿತು. ಆರ್‌ಎನ್ಎ ತಿಂದುಹಾಕುವ ಕಿಣ್ವ ಎಲ್ಲರ ಬೆರಳಲ್ಲೂ ಇರುತ್ತದೆ, ಕುದಿಸಿದರೂ ಸಾಯುವುದಿಲ್ಲ. ಅವಳೇನೋ ಗವಸು ಹಾಕುತ್ತಿದ್ದಳು. ಬರಿಗೈಯಲ್ಲಿ ನಳಿಕೆ ಎತ್ತಿ, ಮುಚ್ಚಳ ತೆಗೆದು ನೋಡುತ್ತಿದ್ದವರು ಸರ್!

ಮರುದಿನ ಗಾಜಿನ ಸಾಮಾನೆಲ್ಲ ಓವನ್ನಿನಲ್ಲಿ ಗಂಟೆಗಟ್ಟಲೆ ಕಾಯಿಸಿ, ಮೇಜಿನ ಸುತ್ತ ಸೀಮೆಸುಣ್ಣದ ಗೆರೆ ಎಳೆದಳು.

"ಇದೇನು, ಲ್ಯಾಬೋ ಚೌಕಾನೋ? ನಾನೂ ಜೈನರ ಮಗಾನ. ಇದನ್ನೆಲ್ಲಾ ಬಿಟ್ಟು ಬಂದಾಂವ," ಎಂದು ಸರ್ ರೇಗಿದರು.

"ಚೌಕಾ ಅಂತನ ತಿಳ್ಕೋರಿ ಸರ್. ನಾಕೂ ಸಲ ಕೆಡಿಸಿದ್ದು ನಿಮ್ಮ ಬೆರಳು. ಗೆರಿ ದಾಟಬ್ಯಾಡ್ರಿ."

ಸರ್ ಮುಖ ಕೆಂಪಾಯಿತು. ಕಾಲು ಮಾತ್ರ ಗೆರೆಯ ಆಚೆಯೇ ಉಳಿಯಿತು.

ಉಳಿದಿದ್ದ ಕಿಣ್ವವನ್ನು ರಾಜಮತಿ ಅಂದೇ ಹಾಕಿದಳು. ಎರಡು ದಿನ ಬಿಟ್ಟು ನೋಡಿದರೆ, ವಿಕಿರಣದ ಗುರುತು ಹಚ್ಚಿದ್ದ ಹೊಸ ಡಿಎನ್ಎ ಎಕ್ಸ್‌ರೇ ಫಿಲ್ಮಿನ ಮೇಲೆ ಕಪ್ಪಗೆ, ಉದ್ದಕ್ಕೆ ಮೂಡಿತ್ತು. ಸರ್ ಗವಸು ಹಾಕಿಕೊಂಡು ಬಂದು ನೋಡಿ, "ಬಸ್ ಹತ್ತೂದು ಬ್ಯಾಡ," ಎಂದರು.

ಅವಳು ಅದೇ ದಿನ ಹತ್ತಿಯೇ ಹತ್ತಿದಳು, ತಾಯಿಗೆ ಫಿಲ್ಮ್ ತೋರಿಸಲೆಂದು. ಚಂಪಾಬಾಯಿ ಅದನ್ನು ಬೆಳಕಿಗೆ ಹಿಡಿದು, ಮಗಳ ಮಾತನ್ನೆಲ್ಲ ಕೇಳಿ, "ಅಂದ್ರ ಮಡಿಯಿಂದನ ಮಾಡೀದಿ," ಎಂದು ಹಿಗ್ಗಿದಳು.

"ಹೌದವ್ವಾ, ನಿನಗಿಂತ ಭಾಳ ಮಡಿ. ಇದನ್ನ ಮಾಡಿದ್ದು ನಾ ಹೊರಗ ಕೂಡೂ ಮೊದಲ್ನೇ ದಿನ, ಇವತ್ತ ಮೂರನೇದು. ಏನಾರ ಕೆಟ್ಟೈತೇನು ನೋಡು."

ಹಾಗೆಂದವಳೇ ನೆಟ್ಟಗೆ ಅಡುಗೆಮನೆಗೆ ನಡೆದು, ಕೊಡದ ನೀರನ್ನು ಕೈಯಾರೆ ಲೋಟಕ್ಕೆ ತುಂಬಿಕೊಂಡು ಗಟಗಟ ಕುಡಿದಳು. ತಡೆಯಲೆಂದು ಎದ್ದ ಚಂಪಾಬಾಯಿ, ಕೈಯಲ್ಲಿದ್ದ ಫಿಲ್ಮನ್ನು ಇನ್ನೊಮ್ಮೆ ನೋಡಿ, ಮತ್ತೆ ಕೂತಳು.