ಟೇಪಕ್ಕನ ಕಳೆದುಹೋದ ಇಂಚು

ಆಕೆಗೆ ಹೆತ್ತವರು ಇಟ್ಟ ಹೆಸರೊಂದು ಇದೆ. ಆದರೆ ಅದನ್ನು ಹೇಳಿ ಕೇಳಿದರೆ ಬೀದಿಯಲ್ಲಿ ಯಾರೂ ಮನೆ ತೋರಿಸಲಾರರು. ಟೇಪಕ್ಕ ಎಂದರೆ ಸಾಕು, ಮೂರನೆಯ ಮಹಡಿಯ ಕಿಟಕಿಯತ್ತ ಕೈ ತೋರಿಸುತ್ತಾರೆ. ಕೊರಳಲ್ಲಿ ಸದಾ ಅಳತೆಯ ಟೇಪು, ಬಾಯಲ್ಲಿ ನಾಲ್ಕು ಗುಂಡುಸೂಜಿ. ಟೇಪು ಕೊರಳಿನಿಂದ ಇಳಿಯುವುದು ಸ್ನಾನಕ್ಕೆ ಮಾತ್ರ. ಸೂಜಿ ಬಾಯಿಂದ ಇಳಿಯುವುದು ಊಟಕ್ಕೆ, ಮತ್ತೆ ಅಪರೂಪಕ್ಕೊಮ್ಮೆ ಜಗಳಕ್ಕೆ.

ಆ ಟೇಪಿಗೆ ಮೊದಲ ಇಂಚು ಇಲ್ಲ. ಮಗಳು ಆರು ತಿಂಗಳ ಕೂಸಾಗಿದ್ದಾಗ ಒಂದು ಬೆಳಿಗ್ಗೆ ತೊಟ್ಟಿಲಲ್ಲಿ ಅಳುತ್ತಿದ್ದಳು. ತೊಟ್ಟಿಲ ಪಕ್ಕದಲ್ಲೇ ಕೂತಿದ್ದ ಗಂಡ ಪತ್ರಿಕೆಯಿಂದ ತಲೆಯೆತ್ತದೆ, "ಲೇ, ಮಗು ಅಳ್ತಿದೆ" ಎಂದು ಅದೂ ಒಂದು ಸುದ್ದಿ ಎಂಬಂತೆ ಓದಿ ಹೇಳಿದ. ಒಂದು ಕಣ್ಣು ತೊಟ್ಟಿಲ ಮೇಲೆ, ಇನ್ನೊಂದು ಬಟ್ಟೆಯ ಮೇಲೆ ಇಟ್ಟು ಆಕೆ ಕತ್ತರಿ ಓಡಿಸಿದಳು. ಬಟ್ಟೆಯಡಿ ಸಿಕ್ಕಿಕೊಂಡಿದ್ದ ಟೇಪಿನ ತುದಿ ಕಚಕ್ಕೆಂದು ಹೋಯಿತು. ಹೊಸದು ತರಲು ಪುರುಸೊತ್ತಾಗಲಿಲ್ಲ, ಅಷ್ಟರಲ್ಲಿ ಕೈ ಪಳಗಿತು. ಟೇಪು ಮೂವತ್ತೇಳು ಎಂದರೆ ಮೂವತ್ತಾರು, ಹದಿನಾರು ಎಂದರೆ ಹದಿನೈದು. ಹೊಲಿಗೆ ಕಲಿಯಲು ಬಂದವರಿಗೆಲ್ಲ ಇದೇ ಮೊದಲ ಪಾಠ. ಮಗಳಿಗೆ ಗೊತ್ತು, ಅತ್ತೆಗೆ ಗೊತ್ತು. ಗಂಡನಿಗೆ ಗೊತ್ತಿರಲಿಲ್ಲ. ಹದಿನೇಳು ವರ್ಷದಲ್ಲಿ ಅವನು ಆ ಟೇಪನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಗಂಡ ನೀರಿನ ಮೀಟರ್ ಓದುವ ನೌಕರ. ಯಾರ ಮನೆಯಲ್ಲಿ ಎಷ್ಟು ನೀರು ಹರಿಯಿತು ಎಂದು ಲೀಟರಿನ ಲೆಕ್ಕದಲ್ಲಿ ಹೇಳಬಲ್ಲ. ತನ್ನ ಮನೆಯಲ್ಲಿ ಹರಿದ ನೀರಲ್ಲಿ ಯಾರು ಏನು ತೊಳೆದರು ಎಂಬುದು ಮಾತ್ರ ಅವನ ಇಲಾಖೆಗೆ ಸೇರಿದ್ದಲ್ಲ. ನಲವತ್ತೆಂಟನೆಯ ವಯಸ್ಸಿನಲ್ಲಿ ಅವನಿಗೆ ಬಾಲ್ಯ ಮರುಕಳಿಸಿತು. ಹುಡುಗನಾಗಿದ್ದಾಗ ಪಕ್ಕದ ಮನೆಯ ಟೀವಿಯ ಮುಂದೆ ಸರದಿ ಕಾದು ಆಡಿದ ಆಟಗಳನ್ನೆಲ್ಲ ಈಗ ಸರದಿಯಿಲ್ಲದೆ ಆಡಬೇಕು ಎನಿಸಿತು. ಅದಕ್ಕೊಂದು ಪುಟ್ಟ ಕಂಪ್ಯೂಟರನ್ನು ತನ್ನ ಕೈಯಾರೆ ಕಟ್ಟುವುದಾಗಿ ಊಟದ ಹೊತ್ತಿಗೆ ಘೋಷಿಸಿದ.

"ಅದರಲ್ಲಿ ಎಮ್ಯುಲೇಟರ್ ಹಾಕ್ತೀನಿ. ಅಂದ್ರೆ ಒಂದೇ ಯಂತ್ರ, ಹಳೇ ಗೇಮ್ ಯಂತ್ರಗಳ ವೇಷವನ್ನೆಲ್ಲ ಹಾಕುತ್ತೆ. ಹತ್ತು ಯಂತ್ರದ ಕೆಲಸ ಒಂದೇ ಮಾಡುತ್ತೆ. ಜಾಗಾನೂ ತಗೊಳಲ್ಲ, ಸದ್ದೂ ಮಾಡಲ್ಲ."

"ಅಂಥದ್ದೊಂದು ಮನೇಲಿ ಆಗ್ಲೇ ಇದೆಯಲ್ಲಪ್ಪ" ಎಂದಳು ಮಗಳು, ಅಮ್ಮನ ಕಡೆ ನೋಡುತ್ತ.

"ಸದ್ದು ಮಾಡಲ್ಲ ಅಂತ ಹೇಳೋಕಾಗಲ್ಲ ಮತ್ತೆ" ಎಂದರು ಅತ್ತೆ.

ಟೇಪಕ್ಕ ನಗಲಿಲ್ಲ. ಅವಳ ಕಿವಿ 'ಜಾಗ' ಎಂಬ ಮಾತಿಗೆ ನೆಟ್ಟಗಾಗಿತ್ತು. ಮನೆಯಲ್ಲಿದ್ದದ್ದು ಒಂದೇ ಮೇಜು. ಕಿಟಕಿಯ ಬೆಳಕು ಬೀಳುವ ಆ ಮೇಜಿನ ಮೇಲೆ ಆಸ್ಪತ್ರೆಯ ಅರವತ್ತು ಬಿಳಿ ಕೋಟುಗಳು ಶನಿವಾರದೊಳಗೆ ಮುಗಿಯಬೇಕಿತ್ತು. ಸಮಯಕ್ಕೆ ಕೊಟ್ಟರೆ ವರ್ಷವಿಡೀ ಅವರ ಹೊಲಿಗೆಯೆಲ್ಲ ಅವಳದೇ ಎಂದು ಮಾತಾಗಿತ್ತು. ಮೇಜು ಹೋದರೆ ಕೋಟು ಹೋಯಿತು, ಕೋಟು ಹೋದರೆ ವರ್ಷ ಹೋಯಿತು.

ಅವಳ ಭಯಕ್ಕೆ ಕಾರಣವಿತ್ತು. ಆ ಮನೆಯಲ್ಲಿ 'ಸದ್ಯಕ್ಕೆ' ಎಂಬುದು ಬಲು ಗಟ್ಟಿ ಪದ. ಬಚ್ಚಲು ಚಿಕ್ಕದೆಂದು ಬಟ್ಟೆ ಒಗೆಯುವ ಯಂತ್ರವನ್ನು ಹಜಾರದಲ್ಲಿ ಸದ್ಯಕ್ಕೆ ಇಟ್ಟು ಆರು ವರ್ಷವಾಗಿತ್ತು. ಅತ್ತೆಯನ್ನು ನೋಡಿಕೊಳ್ಳಲು ಟೇಪಕ್ಕ ಹೊಲಿಗೆ ಶಾಲೆಯ ಕೆಲಸವನ್ನು ಸದ್ಯಕ್ಕೆ ಬಿಟ್ಟು ಒಂಬತ್ತು ವರ್ಷವಾಗಿತ್ತು.

"ಮೇಜು ಕೊಡಲ್ಲ" ಎಂದಳು.

"ಯಾರು ಕೇಳಿದ್ರು? ಟೀವಿ ಪಕ್ಕದ ಗೋಡೆಗೂಡು ಸಾಕು. ಗೂಡಿನಾಚೆ ಒಂದಿಂಚು ಕೇಳಿದ್ರೆ ಹೇಳು."

ಗೂಡಿನಲ್ಲಿದ್ದ ಅವಳ ದಾರದ ಡಬ್ಬಿಗಳು ಮಂಚದಡಿ ಹೋದವು. ಅಂದಿನಿಂದ ನೀಲಿ ದಾರ ಬೇಕೆಂದರೆ ನೆಲಕ್ಕೆ ಮಂಡಿಯೂರಬೇಕು.

ಗೂಡು ಅಳೆಯಲು ಅವನು ಹೆಂಡತಿಯ ಕೊರಳಿಗೇ ಕೈ ಹಾಕಿ ಟೇಪನ್ನು ಎಳೆದುಕೊಂಡ. ಅವಳು ಬಾಯಲ್ಲಿದ್ದ ಸೂಜಿಗಳನ್ನು ತೆಗೆದಳು.

"ರೀ, ಆ ಟೇಪು..."

"ಇಡೀ ದಿನ ಅಳತೆ ಓದೋ ಕೆಲಸ ನಂದು. ನೀನು ಹೇಳ್ಕೊಡ್ಬೇಡ."

"ಅಲ್ಲ, ಅದರ ತುದೀಲಿ..."

"ಹನ್ನೆರಡು! ಸರಿಯಾಗಿ ಹನ್ನೆರಡು. ಕಂಪ್ಯೂಟರಿಗೆ ಹನ್ನೊಂದೂವರೆ ಇಂಚಿನ ತಗಡಿನ ಪೆಟ್ಟಿಗೆ ತರಿಸ್ತೀನಿ, ಅರ್ಧ ಇಂಚು ಗಾಳಿಗೆ."

ಟೇಪಕ್ಕ ಸೂಜಿಗಳನ್ನು ಒಂದೊಂದಾಗಿ ಬಾಯಿಗೆ ವಾಪಸು ಇಟ್ಟುಕೊಂಡಳು.

ಬುಧವಾರ ತಗಡಿನ ಪೆಟ್ಟಿಗೆಯೂ ಬಿಡಿಭಾಗಗಳೂ ಬಂದವು. ಅವನು ರಜೆ ಹಾಕಿ, "ಒಂದೇ ಒಂದು ಗಂಟೆ" ಎಂದು ಮೇಜು ಕೇಳಿ ಪಡೆದ. ಬೆಳಿಗ್ಗೆ ಹತ್ತಕ್ಕೆ ಶುರುವಾದ ಆ ಗಂಟೆ ಸಂಜೆ ಐದರವರೆಗೆ ನಡೆಯಿತು. ಅಷ್ಟೂ ಹೊತ್ತು ಟೇಪಕ್ಕ ನೆಲದ ಮೇಲೆ ಕೂತು ಮಡಿಲಲ್ಲಿ ಗುಂಡಿ ಹಾಕಿದಳು. ನಡುನಡುವೆ ಎದ್ದು ಟಾರ್ಚು ಹಿಡಿದಳು. ಕಣ್ಣಿಗೆ ಕಾಣದಷ್ಟು ಸಣ್ಣ ತಿರುಪೊಂದು ಒಳಗೆ ಬಿದ್ದಾಗ ಸೂಜಿ ಹೆಕ್ಕುವ ಅಯಸ್ಕಾಂತದಿಂದ ಎತ್ತಿಕೊಟ್ಟಳು. ಗೋಜಲಾಗಿದ್ದ ವೈರುಗಳನ್ನು ನೂಲಿನಿಂದ ಕಟ್ಟಿ ಒಪ್ಪ ಮಾಡಿದಳು. ಮೂರು ಸಲ ಟೀ ಕೊಟ್ಟಳು, ಮನೆ ತುಂಬ ಹಾರಾಡಿದ ಥರ್ಮಾಕೋಲಿನ ಕಾಳುಗಳನ್ನು ಗುಡಿಸಿದಳು. ಕೊನೆಗೆ ಅವನು ಕಂಪ್ಯೂಟರಿನ ಗುಂಡಿ ಒತ್ತಿದಾಗ ಫ್ಯಾನು ತಿರುಗಿ ದೀಪ ಹತ್ತಿತು. ಅವನು ತಕ್ಷಣ ಆಫೀಸಿನ ಗೆಳೆಯನಿಗೆ ಫೋನು ಹಚ್ಚಿದ. "ಹೂಂ ಕಣೋ, ಪೂರ್ತಿ ನಾನೊಬ್ಬನೇ ಕಟ್ಟಿದ್ದು!"

ಆಮೇಲೆ ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿ ಗೂಡಿಗೆ ಒಯ್ದ. ಅದು ಒಳಗೆ ಹೋಗಲಿಲ್ಲ. ಓರೆ ಮಾಡಿದ, ಮಲಗಿಸಿದ, ಭುಜ ಕೊಟ್ಟು ತಳ್ಳಿದ. ಗೋಡೆಯ ಸುಣ್ಣ ಉದುರಿತು. ಅರ್ಧ ಇಂಚು ಹೆಚ್ಚಾಗಿ ಪೆಟ್ಟಿಗೆ ಹೊರಗೇ ನಿಂತಿತು.

"ಬಟ್ಟೆಯಾಗಿದ್ರೆ ಇವಳು ಒಂದು ಹೊಲಿಗೆ ಒಳಗೆ ಹಿಡಿದು ಸರಿ ಮಾಡ್ತಿದ್ಲು" ಎಂದರು ಅತ್ತೆ. "ತಗಡು ನೋಡು, ಏನು ಮಾಡೋದು?"

ಅವನು ತಿರುಗಿ ಮೇಜಿನ ಕಡೆ ನೋಡಿದ. ಟೇಪಕ್ಕ ಆಗಷ್ಟೇ ಅದನ್ನು ಒರೆಸಿ ಕೋಟಿನ ಬಟ್ಟೆ ಹಾಸಿದ್ದಳು.

"ಸದ್ಯಕ್ಕೆ..." ಎಂದ ಅವನು.

ಟೇಪಕ್ಕ ಬಾಯಿಂದ ನಾಲ್ಕೂ ಸೂಜಿ ತೆಗೆದು ಮೆತ್ತೆಗೆ ಚುಚ್ಚಿದಳು. ಕೊರಳಿನಿಂದ ಟೇಪು ತೆಗೆದು ಗಂಡನ ಅಂಗೈ ಮೇಲೆ ಅದರ ತುದಿಯನ್ನು ಇಟ್ಟಳು.

"ಓದಿ. ಅಳತೆ ಓದೋರಲ್ವಾ?"

"ಏನು ಓದೋದು? ಒಂದು."

"ಅದಕ್ಕೆ ಮುಂಚೆ?"

ಅವನು ತುದಿಯನ್ನು ತಿರುವಿ ನೋಡಿದ. ಬೆಳಕಿಗೆ ಹಿಡಿದ. ಅದಕ್ಕೆ ಮುಂಚೆ ಏನೂ ಇರಲಿಲ್ಲ, ಕತ್ತರಿಸಿದ ಅಂಚು ಮಾತ್ರ ಇತ್ತು.

"ಇದು ಯಾವಾಗಿಂದ ಹೀಗಿದೆ?"

"ನನಗೆ ಆರು ತಿಂಗಳಾದಾಗಿಂದ" ಎಂದಳು ಮಗಳು.

"ನನಗೂ ಗೊತ್ತಲ್ಲೋ" ಎಂದರು ಅತ್ತೆ. "ಪರದೆ ಅಳೆಯುವಾಗ ಒಂದು ಕಳೀಬೇಕು."

"ಮತ್ತೆ ನನಗ್ಯಾಕೆ ಹೇಳಲಿಲ್ಲ ನೀನು?"

"ಎರಡು ಸಲ ಶುರು ಮಾಡಿದೆ. ಎರಡು ಸಲವೂ ನೀವೇ ಮುಗಿಸಿದ್ರಿ" ಎಂದಳು ಟೇಪಕ್ಕ. ಆಮೇಲೆ ಟೇಪು ಹಿಡಿದು ನೇರ ಬಟ್ಟೆ ಒಗೆಯುವ ಯಂತ್ರದ ಬಳಿ ಹೋದಳು. ಅದರ ನೆತ್ತಿಯ ಮೇಲೆ ಹಾಸಿ ಓದಿದಳು. "ಇಪ್ಪತ್ನಾಲ್ಕು. ಅಂದ್ರೆ ಇಪ್ಪತ್ಮೂರು. ಟೀವಿಗೂ ಹತ್ತಿರ. ಸದ್ಯಕ್ಕೆ ಇಲ್ಲಿಡಿ."

ಒಂದಿಂಚೂ ಕೇಳುವುದಿಲ್ಲ ಎಂದು ಮೂವರು ಸಾಕ್ಷಿಗಳ ಮುಂದೆ ಹೇಳಿದ್ದವನು ಇನ್ನೇನು ಹೇಳಿಯಾನು? ಇಟ್ಟ.

ಆದರೆ ಕೋಟಿನ ಬಟ್ಟೆಯನ್ನು ಕತ್ತರಿಸುವ ಮುಂಚೆ ಒಮ್ಮೆ ನೆನೆಸಿ ಒಗೆಯಬೇಕು, ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗುತ್ತದೆ. ಹೀಗಾಗಿ ಆ ವಾರ ಒಗೆಯುವ ಯಂತ್ರಕ್ಕೆ ಬಿಡುವೇ ಇರಲಿಲ್ಲ. ನೀರು ತುಂಬುವಾಗ ಸುಮ್ಮನಿರುತ್ತಿತ್ತು, ಜಾಲಿಸುವಾಗ ಕೊಂಚ ತೂಗುತ್ತಿತ್ತು. ಹಿಂಡಲು ತೊಡಗಿದರೆ ಮೈಮೇಲೆ ಬಂದಂತೆ ಕುಣಿಯುತ್ತಿತ್ತು. ಮೊದಲ ದಿನ ಪುಟ್ಟ ಕಂಪ್ಯೂಟರು ಅಂಚಿನವರೆಗೆ ನಡೆದುಹೋದದ್ದನ್ನು ಕಂಡು ಅವನ ಜೀವ ಬಾಯಿಗೆ ಬಂತು. ಅಂದಿನಿಂದ ಹಿಂಡುವ ಹೊತ್ತು ಬಂತೆಂದರೆ ಆಟ ನಿಲ್ಲಿಸಿ, ವೈರು ಕಿತ್ತು, ಅದನ್ನು ಎದೆಗವಚಿಕೊಂಡು ನಿಲ್ಲುತ್ತಿದ್ದ. ಹನ್ನೊಂದು ನಿಮಿಷ.

"ಮಗಳನ್ನ ಇಷ್ಟು ಹೊತ್ತು ಎತ್ಕೊಂಡಿದ್ದು ನಾ ಕಾಣೆ" ಎಂದರು ಅತ್ತೆ.

ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಅವನಿಗೆ ಹೊಸ ಜ್ಞಾನ ದೊರಕಿತ್ತು. ಒಂದು ಸುತ್ತಿನ ಒಗೆತಕ್ಕೆ ಎಪ್ಪತ್ತೆರಡು ನಿಮಿಷ ಬೇಕು. ಕೊನೆಗೆ ಯಂತ್ರ ಕೂಗುತ್ತದೆ. ಕೂಗಿದಾಗ ಯಾರಾದರೂ ಬಾಗಿಲು ತೆಗೆಯಬೇಕು. ತೆಗೆಯದಿದ್ದರೆ ಅದು ಮತ್ತೆ ಮತ್ತೆ ಕೂಗುತ್ತದೆ, ಬಟ್ಟೆ ತಾನಾಗಿ ತಂತಿಗೆ ಹಾರುವುದಿಲ್ಲ. ಮೊದಲೆರಡು ಸಲ ಅವನು, "ಲೇ, ಕೂಗ್ತಿದೆ ನೋಡು" ಎಂದ. ಟೇಪಕ್ಕ ಬಾಯಲ್ಲಿದ್ದ ಸೂಜಿಯ ಸಂದಿಯಿಂದ "ಹ್ಞೂಂ" ಎಂದಳು, ಏಳಲಿಲ್ಲ. ಆ ಕೂಗಿನಲ್ಲಿ ಅವನ ಆಟದ ಸಂಗೀತ ಕೇಳಿಸದಾಯಿತು. ಮೂರನೆಯ ಸಲ ತಾನೇ ಬಗ್ಗಿದ.

ಶನಿವಾರ ಅರವತ್ತು ಕೋಟು ಮಡಚಿ ಹೊರಟವು. ದಾರದ ಡಬ್ಬಿಗಳು ಗೋಡೆಗೂಡಿಗೆ ಮರಳಿದವು. ಪುಟ್ಟ ಕಂಪ್ಯೂಟರು ಸದ್ಯಕ್ಕೆ ಒಗೆಯುವ ಯಂತ್ರದ ಮೇಲೇ ಇದೆ.

ಮೊನ್ನೆ ಆಫೀಸಿನ ಗೆಳೆಯ ಅದನ್ನು ನೋಡಲು ಬಂದಿದ್ದ. ಆಟ ರಂಗೇರಿತ್ತು, ಕೊನೆಯ ಹಂತ, ಒಂದೇ ಜೀವ ಉಳಿದಿತ್ತು. ಅಷ್ಟರಲ್ಲಿ ಟೇಪಕ್ಕನ ಗಂಡ ಕೈಯಲ್ಲಿದ್ದುದನ್ನು ಕೆಳಗಿಟ್ಟು ಎದ್ದ.

"ಯಾಕೋ ನಿಲ್ಸಿದೆ?"

"ಹಿಂಡೋಕೆ ಬಂತು" ಎಂದ ಅವನು, ವೈರು ಕಿತ್ತು ಪುಟ್ಟ ಕಂಪ್ಯೂಟರನ್ನು ಗೆಳೆಯನ ಮಡಿಲಿಗೆ ಹಾಕುತ್ತ. "ಸ್ವಲ್ಪ ಹಿಡ್ಕೋ, ಬಕೆಟ್ ತರ್ತೀನಿ. ಕೂಸನ್ನ ಹಿಡಿದ ಹಾಗೆ, ತಲೆ ಮೇಲೆ ಮಾಡು ಅದರದು, ಹಾಗಲ್ಲ!"